ಇಣುಕವ್ವ ಕಂಡ ಹಗೇವು

ತೋಳಗಟ್ಟಿಯ ಹೆಂಗಸರು ಅದಕ್ಕೆ ಇಣುಕವ್ವ ಎಂದು ಹೆಸರಿಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಹೊತ್ತಿಗೆ, ಒಳಗೆ ಮನುಷ್ಯರಿಲ್ಲದ ಆ ಬೂದು ಬಣ್ಣದ ವಿಮಾನ ಊರ ಮೇಲೆ ಕುಂಟೆ ಹೊಡೆದಂತೆ ಹೋಗಿ ಬಂದು, ಹೋಗಿ ಬಂದು, ಸಾಲು ಹಿಡಿದು ಹಾರುತ್ತಿತ್ತು.

"ಬಚ್ಚಲದಾಗ ಕುಂತಿದ್ದೂ ಕಾಣತೈತೇನ ತಂಗಿ ಅದಕ್ಕ?" ಎಂದು ಮುದುಕಿ ಕಾಶವ್ವ ಮೊದಲ ಸಲ ಕೇಳಿದಾಗ, ವಿಮಾನ ಹಾರಿಸುವ ಹುಡುಗಿ ಜಮೀಲಾ, "ಇಲ್ಲ ಬೇ, ನಿನ್ನ ಬಿಟ್ಟು ನಿನ್ನ ಬಚ್ಚಲದ ಕೆಳಗಿಂದು ಕಾಣತೈತಿ" ಎಂದಿದ್ದಳು.

"ಹಂಗಾರ ನನ್ನಾಗ ನೋಡಾಕ ಏನೂ ಉಳಿದಿಲ್ಲಂತ ಅದಕ್ಕೂ ತಿಳದೈತಿ ಅನ್ನು."

ಜಮೀಲಾ ಹೇಳಿದ್ದು ಸುಳ್ಳಾಗಿರಲಿಲ್ಲ. ವಿಮಾನದ ಹೊಟ್ಟೆಯಲ್ಲಿದ್ದದ್ದು ರೇಡಾರ್. ಕ್ಯಾಮೆರಾಕ್ಕೆ ಬೆಳಕು ಬೇಕು. ರೇಡಾರ್ ತಾನೇ ಅಲೆಗಳನ್ನು ಕಳಿಸಿ, ತಗುಲಿ ಮರಳಿ ಬಂದದ್ದನ್ನು ಕೂಡಿಸಿ ಚಿತ್ರ ಕಟ್ಟುತ್ತದೆ. ಅಲೆ ಉದ್ದವಿದ್ದು ನೆಲ ಒಣಗಿದ್ದರೆ ಅದು ಮಣ್ಣಿನ ಮಾಳಿಗೆಯನ್ನೂ ಹಾಸುಗಲ್ಲನ್ನೂ ದಾಟಿ, ಗರಸಿನ ಗಟ್ಟಿ ನೆಲದೊಳಗೆ ನಾಲ್ಕಾಳು ಆಳದ ತನಕ ಹೋಗಿ ಬರುತ್ತಿತ್ತು. ಟೊಳ್ಳು ಇದ್ದಲ್ಲಿ ಪರದೆಯ ಮೇಲೆ ಕಪ್ಪು ಕಲೆ. ಹದಿನೈದು ದಿನದ ಹಿಂದಿನ ಚಿತ್ರದ ಮೇಲೆ ಇಂದಿನದನ್ನು ಇಟ್ಟು ನೋಡಿದರೆ, ನೆಲ ಒಂದು ಜೋಳದ ಕಾಳಿನಷ್ಟು ತಗ್ಗಿದ್ದರೂ ಗೊತ್ತಾಗುತ್ತಿತ್ತು.

ಅದು ಸುಣ್ಣಗಲ್ಲಿನ ಸೀಮೆ. ಮೂವತ್ತು ವರ್ಷ ಕೊಳವೆಬಾವಿಗಳು ನೀರೆಳೆದೆಳೆದು ಕೆಳಗಿನ ಕಲ್ಲಿನ ಪೊಟರೆಗಳು ಬರಿದಾಗಿ, ಮೇಲಿನ ನೆಲ ಅಲ್ಲಲ್ಲಿ ಬಾಯಿ ತೆರೆಯತೊಡಗಿತ್ತು. ಪಕ್ಕದೂರಿನ ಶಾಲೆಯ ಬಯಲು ಹಾಡುಹಗಲೇ ಒಳಗಿಳಿದ ಮೇಲೆ ತಾಲೂಕಿಗೆ ಒಂದು ನೆಲನಿಗಾ ಘಟಕ ಬಂತು. ಮನೆಯ ಕೆಳಗೆ ಕಪ್ಪು ಕಲೆ ಕಂಡರೆ ಆ ಮನೆಯ ಫೋನುಗಳೆಲ್ಲ ಒಮ್ಮೆಲೇ ಕೂಗುತ್ತಿದ್ದವು. ಅಂದೇ ಮನೆ ಬಿಟ್ಟು ಮಾರುಕಟ್ಟೆ ಬಯಲಿನ ತಗಡಿನ ಶೆಡ್ಡಿಗೆ ಹೋಗಬೇಕು.

ಮೊದಲ ಬೇಸಿಗೆಯಲ್ಲಿ ಹಾಗೆ ಅರವತ್ತೊಂದು ಮನೆಗಳನ್ನು ಬಿಡಿಸಿದರು. ಅಗೆದು ನೋಡಿದರೆ ಐವತ್ತೆಂಟು ಮನೆಗಳಲ್ಲಿ ಯಂತ್ರ ಕಂಡದ್ದು ಹಗೇವು. ಮುತ್ತಜ್ಜಂದಿರ ಕಾಲದಲ್ಲಿ ಮನೆಯೊಳಗೇ ಗಟ್ಟಿ ಗರಸನ್ನು ಗಡಿಗೆಯ ಆಕಾರಕ್ಕೆ ಕೊರೆದು, ಜೋಳ ತುಂಬಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದ ನೆಲದ ಕಣಜ. ಈಗ ಯಾರೂ ಅದರಲ್ಲಿ ಕಾಳು ಇಡುವುದಿಲ್ಲ. ಆದರೆ ಹಗೇವು ಇದ್ದ ಮನೆತನ ಎಂಬ ಮಾತು ಉಳಿದಿತ್ತು. ಹೆಣ್ಣು ಕೊಡುವಾಗ, ತರುವಾಗ ಹಿರಿಯರು ಇಂದಿಗೂ ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ: ಹಗೇವು ಎಷ್ಟು?

ಶೆಡ್ಡಿನಿಂದ ಮರಳಿದ ಜನ ಘಟಕದ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. "ಬಾನಾಗ ಹಾರತೀರಿ, ಹಗೇವು ಯಾವದು ಗವಿ ಯಾವದು ತಿಳಿಯೂದಿಲ್ಲ!" ದೂರದ ಮೈಸೂರಿನಿಂದ ಬಂದ ಘಟಕದ ಮುಖ್ಯಸ್ಥ ಪ್ರಸನ್ನಕುಮಾರರಿಗೆ ಹಗೇವು ಎಂಬ ಶಬ್ದವೇ ಹೊಸದು. ಚಿತ್ರ ಓದುವ ಕೆಲಸದಲ್ಲಿದ್ದ ಕಸ್ತೂರಿ ಆಗ ದಾರಿ ತೋರಿಸಿದಳು. ಮನೆಮನೆಗೆ ಹೋಗಿ ಹಗೇವಿನ ಪಟ್ಟಿ ಮಾಡೋಣ. ಪಟ್ಟಿಯಲ್ಲಿ ಇದ್ದ ಜಾಗದ ಬಗ್ಗೆ ಯಂತ್ರ ಕೂಗುವುದು ಬೇಡ.

"ಗಂಡಸರನ್ನ ಕೇಳಬ್ಯಾಡ್ರಿ ಸರ್," ಎಂದೂ ಹೇಳಿದಳು. "ಅವರಿಗೆ ಮನಿ ಅಂದ್ರ ಮಾಳಗಿ. ನೆಲ ಸಾರಸೂ ಹೆಂಗಸರಿಗೆ ಗೊತ್ತಿರತೈತಿ. ಮನ್ಯಾಗಿನ ಹಿರೇ ಹೆಣ್ಣಮಗಳು ಹೇಳಿದ್ದನ್ನ ಬರಕೊಳ್ಳೋಣ."

"ಅವರು ಸುಳ್ಳು ಹೇಳಿದ್ರೆ?"

"ತಮ್ಮ ಮನಿ ನೆಲದ ಬಗ್ಗೆ ಯಾರು ಸುಳ್ಳ ಹೇಳತಾರ್ರಿ?"

ಆ ಮಾತಿಗೆ ಕಸ್ತೂರಿಗೆ ಪ್ರಶಂಸಾಪತ್ರ ಬಂತು.

*

ಕಸ್ತೂರಿಯ ಗಂಡನ ಮನೆಯೂ ತೋಳಗಟ್ಟಿಯಲ್ಲೇ. ಅವಳೂ ಗಂಡ ಶ್ರೀಶೈಲನೂ ತಾಲೂಕಿನ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಹಳ್ಳಿಯ ಮನೆಯಲ್ಲಿ ಅತ್ತೆ ಶಿವಗಂಗವ್ವ, ಗಂಡನನ್ನು ಕಳೆದುಕೊಂಡ ಹಿರಿಯ ಸೊಸೆ ಮಹಾನಂದಾ, ಮಹಾನಂದಾಳ ಮಗಳು ಪ್ರತಿಭಾ.

ಕಸ್ತೂರಿಯ ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲು ಒಡೆಯುತ್ತಿದ್ದವನು. ಓದಿದ ಹುಡುಗಿ, ನೌಕರಿ ಹಿಡಿಯುವ ಹುಡುಗಿ ಎಂದು ಅವಳನ್ನು ತಂದುಕೊಂಡಿದ್ದರು. ಬಂದ ಮೊದಲ ವಾರದಲ್ಲೇ ಶಿವಗಂಗವ್ವ ನೆರೆಯವರ ಮುಂದೆ, "ಹಗೇವು ಅಂದ್ರ ಏನಂತ ತಿಳಿಯದ ಮನಿಯಿಂದ ಬಂದಾಕಿ, ಕಲಸಬೇಕು" ಎಂದಿದ್ದಳು. ಇಪ್ಪತ್ತೆರಡು ವರ್ಷವಾದರೂ ಆ ಮಾತು ಕಸ್ತೂರಿಯ ಅಂಗಾಲಿನಲ್ಲಿ ಕಲ್ಲಿನ ಚೂರಿನಂತೆ ಸಿಕ್ಕಿಕೊಂಡೇ ಇತ್ತು. ನಡೆಯುವಾಗ ಮರೆಯುತ್ತಿತ್ತು, ನಿಂತರೆ ಚುಚ್ಚುತ್ತಿತ್ತು.

ಟ್ಯಾಬ್ಲೆಟ್ ಹಿಡಿದು ಅದೇ ಮನೆಯ ಹೊಸಿಲು ದಾಟಿದ ದಿನ ಶಿವಗಂಗವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು.

"ಬಾ, ಸರಕಾರದಾಕಿ. ಬರಕೋ. ಎರಡು."

"ಒಂದs ಕಾಣತೈತ್ರಿ ಅತ್ತಿ. ಒಳಗಿನ ಕೋಲಿ ಕೆಳಗ."

"ನಿನ್ನ ಇಣುಕವ್ವಗ ಒಂದು ಕಣ್ಣು ಮಂದ ಇರಬೇಕು."

"ಬಾಯಿ ಎಲ್ಲೈತ್ರಿ ಅದರದು?"

"ಮ್ಯಾಲ ಕಲ್ಲ ಹಾಸೇವಿ. ನಿಮ್ಮ ಮಾಂವನ ಅಪ್ಪನ ಕಾಲದಾಗ. ನೂರು ಚೀಲ ಹಿಡೀತಿತ್ತು."

ಜತೆಗೆ ಬಂದಿದ್ದ ಜಮೀಲಾ ನಗುತ್ತಾ, "ಅಜ್ಜಿ, ಕಲ್ಲ ಎಬ್ಬಿಸಿ ನೋಡೋಣೇನ?" ಎಂದಳು.

"ದೇವರ ಜಗಲಿ ಐತಿ ಅಲ್ಲಿ. ನೀ ಎಬ್ಬಸತೀಯೇನ?"

ಜಮೀಲಾಳ ನಗೆ ಅಲ್ಲಿಗೇ ನಿಂತಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಮಹಾನಂದಾ ಮೆಲ್ಲಗೆ ಬಾಯಿ ತೆರೆದಳು. "ಅತ್ತಿ, ನಾ ಇಪ್ಪತ್ತಾರು ವರ್ಷ ಆ ಕೋಲಿ ಒರಸೇನಿ…"

"ಒರಸೀದಿ. ಒಳಗ ಇಳದಿಯೇನ?"

ಮಹಾನಂದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಳಗೆ ಹೋದಳು. ಚಹಾ ತಂದುಕೊಡುವಾಗ ಅವಳು ಕೇಳಿದ್ದು ಇಷ್ಟೇ: "ಬರಕೊಂಡ್ಯಾ ಕಸ್ತೂರಿ?"

"ಬರಕೊಂಡೆ ಯಕ್ಕಾ."

"ಆತು ಬಿಡು. ನಮ್ಮ ಹುಡುಗಿದೊಂದು ಲಗ್ನ ಆಗೂತನಾ ಎಲ್ಲಾ ಸುಮ್ಮನಿದ್ರ ಸಾಕು."

ಕಸ್ತೂರಿಗೆ ಆ ಕ್ಷಣ ಅನುಮಾನ ಬಂದಿತ್ತೇ? ಬಂದಿತ್ತು. ಆದರೆ ಅತ್ತೆಯ ಮುಂದೆ ಎರಡನೇ ಸಲ ಕೇಳುವುದೆಂದರೆ ಕಲ್ಲು ಒಡೆಯುವವನ ಮಗಳು ಹಗೇವಿನ ಮನೆಯನ್ನು ನಂಬಲಿಲ್ಲ ಎಂದಾಗುತ್ತಿತ್ತು. ಮತ್ತೆ ಇನ್ನೊಂದಿತ್ತು. ತನ್ನ ಅಕ್ಕತಂಗಿಯರ ಮುಂದೆ ತಾನೂ ಎಷ್ಟೋ ಸಲ, "ನಮ್ಮ ಅತ್ತಿ ಮನ್ಯಾಗ ಎರಡು ಹಗೇವು" ಎಂದು ಹೇಳಿಕೊಂಡಿದ್ದಳು.

*

ಪಟ್ಟಿ ಮುಗಿದಾಗ ಎಂಟು ಊರಿಂದ ಇನ್ನೂರ ಹದಿನಾಲ್ಕು ಹಗೇವುಗಳಾದವು. ಯಂತ್ರ ಶಾಂತವಾಯಿತು. ಹಳೇ ಹಗೇವಿನ ಬಾಯಿಯ ಮಣ್ಣು ಆಗೀಗ ಜಗ್ಗುವುದುಂಟು, ಅದಕ್ಕೂ ಕೂಗುವುದು ಬೇಡವೆಂದು ಪಟ್ಟಿಯ ಜಾಗಗಳಲ್ಲಿ ನೆಲ ತಗ್ಗುವುದನ್ನೂ ಅದು ಲೆಕ್ಕಕ್ಕೆ ಹಿಡಿಯದಂತೆ ಚಿತ್ರದಲ್ಲಿ ಮುಸುಕು ಹಾಕಿದರು. ಪ್ರಸನ್ನಕುಮಾರರು ನೆಮ್ಮದಿಯಾಗಿ ಊಟ ಮಾಡತೊಡಗಿದರು.

ಯಾರೂ ಎಣಿಸದ ಸಂಗತಿ ಬೇರೆಯೇ ನಡೆಯಿತು. ಮದುವೆ ಕೂಡಿಸುವವರು ಪಟ್ಟಿ ಕೇಳತೊಡಗಿದರು. ಬಾಯಿಮಾತಿನ ಹಗೇವು ಬೇರೆ, ವಿಮಾನ ನೋಡಿ ಸರಕಾರ ಬರೆದುಕೊಂಡ ಹಗೇವು ಬೇರೆ. ತಮ್ಮ ಮನೆಯ ಕೆಳಗೆ ಕಪ್ಪು ಕಲೆ ಇದೆ ಎಂದು ಕೇಳಿ ಮುಖ ಅರಳಿಸಿದ ಹೆಂಗಸರನ್ನು ಕಸ್ತೂರಿ ನೋಡಿದಳು. ಕಲೆ ಕಾಣದ ಮನೆಯವರು, "ಇನ್ನೊಮ್ಮೆ ಹಾರಸಿ ನೋಡ್ರಿ, ಇದ್ದರೂ ಇರಬೇಕು" ಎಂದು ಗೋಗರೆದರು. ಹೆದರಬೇಕಾದ್ದು ಒಡವೆಯಾಯಿತು. ಕಾಶವ್ವನಂತೂ ಪಟ್ಟಿಯ ಹಾಳೆಯನ್ನು ಗಾಜು ಹಾಕಿಸಿ ಗೋಡೆಗೆ ತೂಗುಬಿಟ್ಟಳು. ಪ್ರತಿಭಾಳಿಗೂ ಆ ಹಾಳೆಯಿಂದಲೇ ಒಳ್ಳೆಯ ಮನೆತನ ಕೂಡಿಬಂತು. ನಿಶ್ಚಯಕ್ಕೆ ದಿನ ಗೊತ್ತಾಯಿತು.

ನಿಶ್ಚಯಕ್ಕೆ ಎಂಟು ದಿನವಿದ್ದಾಗ ಹೊಸ ಚಿತ್ರ ಬಂತು. ಅಂದು ಊಟದ ಹೊತ್ತಿಗೆ ಕೋಣೆಯಲ್ಲಿ ಕಸ್ತೂರಿ ಒಬ್ಬಳೇ ಇದ್ದಳು. ಕೈಗೆ ಏನು ತಿಳಿಯಿತೋ, ಅತ್ತೆಯ ಮನೆಯ ಮೇಲಿನ ಮುಸುಕನ್ನು ತನ್ನ ಪರದೆಯ ಮಟ್ಟಿಗೆ ಸರಿಸಿ ನೋಡಿದಳು. ನೆಲ ಹದಿನೈದು ದಿನದಲ್ಲಿ ಹನ್ನೊಂದು ಮಿಲಿಮೀಟರ್ ತಗ್ಗಿತ್ತು. ಹಿಂದಿನ ಸಲದ್ದನ್ನು ತೆಗೆದಳು: ನಾಲ್ಕು. ಅದರ ಹಿಂದೆ ಒಂದು.

ಕಲೆಯನ್ನು ದೊಡ್ಡದು ಮಾಡಿದಳು. ಹಗೇವಿಗೆ ಕಿರಿದಾದ ಕೊರಳಿರುತ್ತದೆ. ಕೆಳಗೆ ಉರುಟು ಹೊಟ್ಟೆ. ಇದಕ್ಕೆ ಕೊರಳಿರಲಿಲ್ಲ. ಅಂಚು ಹರಿದ ಅರಿವೆಯಂತೆ ಎತ್ತಲೋ ಹರಡಿತ್ತು.

ಒಂದು ಗುಂಡಿ ಒತ್ತಿದರೆ ಮುಸುಕು ಹೋಗುತ್ತಿತ್ತು. ತೋಳಗಟ್ಟಿಯ ಆ ಮನೆಯ ಮೂರೂ ಫೋನುಗಳು ಕೂಗುತ್ತಿದ್ದವು. ಸಂಜೆಗೆಲ್ಲ ಅವರು ತಗಡಿನ ಶೆಡ್ಡಿನಲ್ಲಿ, ಹಗೇವು ಇಲ್ಲವೆಂದು ಸರಕಾರವೇ ಸಾರಿದ ಮನೆಯವರಾಗಿ ಕೂತಿರುತ್ತಿದ್ದರು. ಬೀಗರ ಕಿವಿಗೆ ರಾತ್ರಿಯೊಳಗೆ ಮುಟ್ಟುತ್ತಿತ್ತು. ಮತ್ತು ಆ ಗುಂಡಿ ಒತ್ತಿದವಳು ಯಾರು? ಕಿರಿಯ ಸೊಸೆ. ಇಪ್ಪತ್ತೆರಡು ವರ್ಷದ ಸೇಡನ್ನು ಒಂದು ಬೆರಳಲ್ಲಿ ತೀರಿಸಿಕೊಂಡಳು ಎನ್ನದವರು ಯಾರು? ಅಲ್ಲವೆಂದು ತನಗೆ ತಾನಾದರೂ ಖಾತ್ರಿ ಹೇಳಿಕೊಳ್ಳಬಲ್ಲಳೇ?

ಅತ್ತೆಗೆ ಫೋನು ಮಾಡಿದಳು. "ಅತ್ತಿ, ಖರೇನ ಹೇಳ್ರಿ. ಆ ಕೋಲಿ ಕೆಳಗ ಹಗೇವು ಇದ್ದದ್ದನ್ನ ನೀವು ಕಣ್ಣಾರೆ ನೋಡೀರೇನ್ರಿ?"

ಅತ್ತೆ ತಿರುಗಿ ಕೇಳಿದಳು, "ನಿಶ್ಚಯ ಮುರೀಬೇಕಂತ ಮಾಡಿಯೇನ? ನಿನಗ ಮಕ್ಕಳಿಲ್ಲಂತ ಆಕಿ ಮಗಳದೂ ಆಗಬಾರದೇನ?"

ಕಸ್ತೂರಿ ಫೋನು ಕೆಳಗಿಟ್ಟಳು. ಎಂಟು ದಿನ. ನಿಶ್ಚಯ ಮುಗಿದ ಮಾರನೇ ಬೆಳಿಗ್ಗೆ ಮುಸುಕು ತೆಗೆಯುವುದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಮನೆಗೆ ಹೋಗಿ ಗಂಡನಿಗೆ ಹೇಳಲು ಹೊರಟು, ಅವನು ನಿಶ್ಚಯದ ಅಡುಗೆಯವನ ಜತೆ ಫೋನಿನಲ್ಲಿ ಹೋಳಿಗೆಯೋ ಮಾದಲಿಯೋ ಎಂದು ಚರ್ಚೆಯಲ್ಲಿದ್ದುದನ್ನು ನೋಡಿ ಒಳಗೆ ಹೋದಳು.

*

ಆರನೇ ದಿನ ಅವಳಿಂದ ತಡೆಯಲಾಗಲಿಲ್ಲ. "ಜಮೀಲಾ, ತೋಳಗಟ್ಟಿ ಮ್ಯಾಲ ಒಂದು ಸುತ್ತು ಹೊಡಸ್ತೀಯೇನವಾ? ಸರದಿ ಇಲ್ಲ, ಖರೆ."

"ಏನ್ರಿ ಮೇಡಮ್, ಅತ್ತಿ ಮ್ಯಾಲ ನಿಗಾ ಇಡಾಕ ಇಣುಕವ್ವನ ಕಳಸತೀರೇನ? ನಮ್ಮತ್ತಿಗೂ ಒಂದು ಇಂಥಾದ್ದು ಬೇಕಿತ್ತು," ಎಂದು ನಗುತ್ತಲೇ ಜಮೀಲಾ ವಿಮಾನ ಬಿಟ್ಟಳು.

ಹನ್ನೆರಡೂವರೆಗೆ ಚಿತ್ರ ಬರತೊಡಗಿತು. ರೇಡಾರಿನ ಚಿತ್ರ ಒಮ್ಮೆಲೇ ಬರುವುದಿಲ್ಲ. ಚಾಪೆ ಹೆಣೆದಂತೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಊರ ಬಾವಿ ಬಂತು. ಹನುಮಪ್ಪನ ಗುಡಿ ಬಂತು. ಅದರ ಪಕ್ಕದ ಓಣಿ ಬಂತು. ಓಣಿಯ ಮೂರನೇ ಮನೆ, ಅತ್ತೆಯ ಮನೆ, ಬರಬೇಕಾದಲ್ಲಿ ಗೋಡೆಗಳ ಬಿಳಿ ಗೆರೆ ಬರಲಿಲ್ಲ. ಅಲೆ ಹೋಗಿತ್ತು, ಮರಳಿರಲಿಲ್ಲ.

"ಯಂತ್ರ ಕೆಟ್ಟಿರಬೇಕ್ರಿ," ಎಂದಳು ಜಮೀಲಾ. ಅವಳ ದನಿಯಲ್ಲಿ ನಗೆ ಇರಲಿಲ್ಲ.

ಅಷ್ಟರಲ್ಲಿ ಕಸ್ತೂರಿಯ ಫೋನು ಬಡಿದುಕೊಂಡಿತು.

ಶಿವಗಂಗವ್ವ ಗುಡಿಗೆ ಹೋಗಿದ್ದಳು. ಪ್ರತಿಭಾ ಕುಪ್ಪಸ ತರಲು ದರ್ಜಿಯ ಅಂಗಡಿಗೆ ಹೋಗಿದ್ದಳು. ಬೀಗರು ಬರುತ್ತಾರೆಂದು ಒಳಗಿನ ಕೋಣೆಯ ಹಾಸುಗಲ್ಲನ್ನು ತಿಕ್ಕಿ ತೊಳೆಯುತ್ತಿದ್ದವಳು ಮಹಾನಂದಾ ಒಬ್ಬಳೇ. ಅವಳನ್ನು ಮೇಲೆ ತರಲು ಎರಡು ದಿನ ಹಿಡಿಯಿತು.

*

ಹಳ್ಳಿಯಲ್ಲಿ ಮನೆ ಉಳಿದಿರಲಿಲ್ಲ. ಮಹಾನಂದಾಳ ಮಣ್ಣು ಮುಗಿಸಿಕೊಂಡು ಎಲ್ಲರೂ ಕಸ್ತೂರಿಯ ಬಾಡಿಗೆ ಮನೆಗೇ ಬಂದರು. ಮಾತಾಡಿಸಲು ಬಂದವರು ಚಾಪೆಯ ಮೇಲೆ ಕೂತು ಅತ್ತು, ಏನಾತು, ಹೆಂಗಾತು ಎಂದು ಕೇಳುತ್ತಿದ್ದರು. ಶಿವಗಂಗವ್ವ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದಳು. "ಹಗೇವು ಕುಸೀತವ್ವಾ. ನೂರು ಚೀಲದ್ದು. ಅಷ್ಟು ದೊಡ್ಡದು ಈ ಸೀಮ್ಯಾಗ ಎಲ್ಲೂ ಇರಲಿಲ್ಲ. ನನ್ನ ಸೊಸೀನ್ನ ನಮ್ಮ ಹಿರೇರ ಹಗೇವs ನುಂಗಿತು."

ಹೇಳಿ ಹೇಳಿ ಆ ಮಾತಿಗೆ ಒಂದು ಧಾಟಿ ಬಂದುಬಿಟ್ಟಿತ್ತು. ಬಂದವರು ಲೊಚಗುಟ್ಟಿ, ದೊಡ್ಡ ಮನೆತನದ ಸಾವು ಎಂಬಂತೆ ತಲೆಯಾಡಿಸಿ ಹೋಗುತ್ತಿದ್ದರು.

ಕಚೇರಿಯಲ್ಲೂ ಅದೇ. ಪ್ರಸನ್ನಕುಮಾರರು ವರದಿಯ ಹಾಳೆಯನ್ನು ಅವಳ ಮುಂದೆ ಸರಿಸಿದರು. "ಹಳೇ ಹಗೇವು ಕುಸಿದಿದ್ದು ಅಂತ ಬರೀರಿ ಕಸ್ತೂರಿ. ನಿಮ್ಮ ಅತ್ತೆಯವರೇ ಹಾಗೆ ಹೇಳ್ತಿದಾರಂತೆ. ನಿಮಗೂ ಒಳ್ಳೇದು, ನಮಗೂ ಒಳ್ಳೇದು."

"ಅದು ಹಗೇವಲ್ರಿ ಸರ್. ನನ್ನ ಪರದಿ ಮ್ಯಾಲ ಮುಸುಕು ತಗದು ಉಳಿದ ಇನ್ನೂರ ಹದಿಮೂರೂ ನೋಡೇನಿ. ಒಂಬತ್ತು ಮನಿ ಹಿಂಗs ಇಳ್ಯಾಕ ಹತ್ತಾವು."

"ನೋಡಿ, ಪಟ್ಟಿ ಈಗ ವಿಚಾರಣೆಯಲ್ಲಿದೆ. ಮುಗಿಯೋವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಯಾರಾದ್ರೂ ತಮ್ಮನೇಲಿ ಹಗೇವಿಲ್ಲ ಅಂತ ತಾವೇ ಬರೆದು ಕೊಟ್ರೆ ಬೇರೆ ಮಾತು. ಹಾಗಂತ ನಿಯಮ ಮಾಡಿದ್ದು ನೀವೇ ಅಲ್ವಾ, ಮನೆಯ ಹಿರೇ ಹೆಣ್ಣುಮಗಳು ಅಂತ?"

ಅವಳ ಬೆರಳಿಗೆ ಇದ್ದ ಆ ಒಂದು ಗುಂಡಿಯನ್ನೂ ಅಂದೇ ಕಿತ್ತುಕೊಂಡರು.

ಒಂಬತ್ತೂ ಮನೆಗಳಿಗೆ ಅವಳು ಹೋಗಿ ಬಂದಳು. ಒಂಬತ್ತೂ ಹೊಸಿಲುಗಳಲ್ಲಿ ಅವಳಿಗೆ ಕುಂಕುಮ ಹಚ್ಚಿ, ಸಕ್ಕರೆ ಕೊಟ್ಟು, "ನಮ್ಮದು ಹಗೇವs ಐತ್ರಿ, ನಿಮ್ಮ ಮನ್ಯಾಗ ಇರಲಿಲ್ಲೇನು ಹಂಗ" ಎಂದು ಕಳಿಸಿದರು. ಶಿವಗಂಗವ್ವನ ಮಾತು ಅವಳಿಗಿಂತ ಮುಂಚೆಯೇ ಅಲ್ಲಿಗೆ ಮುಟ್ಟಿತ್ತು. ಹಗೇವು ಕುಸಿದು ಸಾಯುವುದು ವಿಧಿ. ಹಗೇವು ಇಲ್ಲವೆನ್ನುವುದು ಮಾನಗೇಡು.

ಅಂದು ಮನೆಗೆ ಬಂದವಳೇ ಅತ್ತೆಯ ಎದುರು ಕುಕ್ಕರಿಸಿದಳು. "ಇರಲಿಲ್ಲಲ್ರಿ ಅತ್ತಿ?"

ಶಿವಗಂಗವ್ವ ತನ್ನ ಅಂಗೈ ನೋಡಿಕೊಂಡಳು. "ನನ್ನ ತರುವಾಗೂ ಎರಡ ಅದಾವಂತ ಹೇಳಿದ್ರು. ಬಂದ ವರ್ಷ ಕೋಲಿ ಕೋಲಿ ಕಾಲಲೇ ಗುದ್ದಿ ನೋಡಿದ್ನಿ, ಎಲ್ಲಿ ಟೊಳ್ಳ ಸಪ್ಪಳ ಬರತೈತಿ ಅಂತ. ಎಲ್ಲೂ ಬರಲಿಲ್ಲ. ನೀ ಬಂದು ಒಂದ ಕಾಣತೈತಿ ಅಂದಿ ನೋಡು, ನನಗ ಅಂದs ಖರೆ ಅನಿಸಿತು."

"ಎಲ್ಲಾರ ಮುಂದ ಇಲ್ಲ ಅಂತ ಹೇಳ್ರಿ. ಒಂಬತ್ತು ಮನಿ ಉಳಿತಾವು."

"ಐವತ್ತೈದು ವರ್ಷ ಐತಿ ಅಂದ ಬಾಯಿಗೆ ಇಲ್ಲ ಅನ್ನಾಕ ಬರೂದಿಲ್ಲ ತಂಗಿ." ಜನ್ಮದಲ್ಲಿ ಮೊದಲ ಸಲ ಅವಳು ಕಸ್ತೂರಿಯನ್ನು ತಂಗಿ ಎಂದಿದ್ದಳು.

ಮರುದಿನ ಮಧ್ಯಾಹ್ನ ಕಾಶವ್ವ ಬಂದಳು. ಒಂಬತ್ತರಲ್ಲಿ ಅವಳದೂ ಒಂದು. ಮನೆಯಲ್ಲಿ ಮೊಮ್ಮಗನ ಹೆಂಡತಿ, ಮೂರು ತಿಂಗಳ ಕೂಸು. ಅವಳ ಜತೆಗೆ ಊರಿನ ಇನ್ನೂ ನಾಲ್ಕು ಹೆಂಗಸರು. ಪ್ರತಿಭಾ ಅವರಿಗೆ ನೀರು ತಂದಿಟ್ಟು ಗೋಡೆಗೆ ಆತು ನಿಂತಳು. ಶಿವಗಂಗವ್ವ ಮೂಗು ಒರೆಸಿಕೊಂಡು ಶುರುಮಾಡಿದಳು. "ಹಗೇವು ಕುಸೀತವ್ವಾ ಕಾಶವ್ವ. ನೂರು ಚೀಲದ್ದು…"

"ಅದು ಹಗೇವಲ್ಲ," ಎಂದಳು ಕಸ್ತೂರಿ.

ಬಾಗಿಲಲ್ಲಿದ್ದ ಶ್ರೀಶೈಲ, "ಕಸ್ತೂರಿ, ಒಳಗ ನಡಿ" ಎಂದ.

ಅವಳು ಹೋಗಲಿಲ್ಲ. "ನಮ್ಮ ಮನ್ಯಾಗ ಹಗೇವು ಎಂದೂ ಇರಲಿಲ್ಲ. ಇಲ್ಲದ್ದನ್ನ ಐತಿ ಅಂತ ಬರಕೊಂಡಾಕಿ ನಾನು. ನೆಲ ಇಳ್ಯಾಕ ಹತ್ತಿದ್ದು ಆರು ದಿನ ಮೊದಲs ನನಗ ಕಂಡಿತ್ತು. ನಿಶ್ಚಯ ಆಗ್ಲಿ ಅಂತ ಸುಮ್ಮನಿದ್ನಿ. ಕಾಶವ್ವ, ನಿಮ್ಮನಿದೂ ಹಂಗs ಇಳ್ಯಾಕ ಹತ್ತೇತಿ. ನಿಮಗ ಗೊತ್ತೈತಿ ಅಲ್ಲಿ ಏನೂ ಇಲ್ಲಂತ."

ಗೋಡೆಯ ಬದಿಯಿಂದ ಲೋಟ ಉರುಳಿದ ಸಪ್ಪಳ ಬಂತು. ಪ್ರತಿಭಾ ಅದನ್ನು ಎತ್ತಲಿಲ್ಲ.

ಕಾಶವ್ವ ನೆಟ್ಟಗೆ ಕೂತಳು. "ಸತ್ತ ಮನ್ಯಾಗ ಆಡೂ ಮಾತೇನವಾ ಇದು? ನಿಮ್ಮದು ಇರಲಿಲ್ಲಂದ್ರ ನಿಮ್ಮದು. ನಮ್ಮದು ಐತಿ. ನಮ್ಮ ಮಾಂವ ಅದರಾಗ ಇಳದು ಜೋಳ ತಗದದ್ದು ನಾ ಕಂಡೇನಿ." ಉಳಿದವರು ಹೌದೆಂದು ತಲೆಯಾಡಿಸಿದರು.

ಹಾಗೆ ಹೇಳಿ ಮುಗಿಸಿದ ಕಾಶವ್ವ ನೆಲಕ್ಕೆ ಕೈಯೂರಿ ಎದ್ದು, ಗಾಳಿಗೆ ಹೋಗುವವಳಂತೆ ಹೊರಗಿನ ಕಟ್ಟೆಗೆ ಹೋದಳು. ಸೊಂಟದಿಂದ ಫೋನು ತೆಗೆದಳು. ಕಿವಿ ಮಂದವಾದ್ದರಿಂದ ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ; ಒಳಗಿದ್ದವರಿಗೆಲ್ಲ ಕೇಳಿಸಿತು.

"ಹಲೋ. ಕೂಸಿನ್ನ ಎತಿಗೋ, ನಿನ್ನ ತವರಿಗೆ ಹೋಗು… ಏನಿಲ್ಲ, ನಿಮ್ಮವ್ವಗ ಆರಾಮಿಲ್ಲಂತ… ಯಾರ ಹೇಳಿದ್ರ ಏನವಾ ನಿನಗ, ಈಗs ಹೋಗು. ರೊಟ್ಟಿ ಹಂಚಿನ ಮ್ಯಾಲ ಇದ್ರ ಇರಲಿ, ಒಲಿ ಆರಿಸಿ ಹೋಗು. ನಾನೂ ಹಂಗs ಅಲ್ಲಿಗೇ ಬರತೇನಿ."

ಅವಳು ಮರಳಿ ಬಂದು ಮೊದಲಿನ ಜಾಗದಲ್ಲೇ ಕೂತು ನೀರು ಕೇಳಿದಳು. ಯಾರ ಮುಖವನ್ನೂ ನೋಡಲಿಲ್ಲ.

ನೀರು ಕೊಡಲು ಕಸ್ತೂರಿ ಅಡುಗೆಮನೆಗೆ ಹೋದಳು. ಹಿಂದೆಯೇ ಪ್ರತಿಭಾ ಬಂದಳು. ಹುಡುಗಿಯ ಕಣ್ಣುಗಳು ಒಣಗಿದ್ದವು.

"ಪಟ್ಟಿ ಇರಲಿ, ನಿಶ್ಚಯ ಇರಲಿ," ಎಂದಳು. "ಅವ್ವಗ ಇಂಥಾದ್ದೊಂದು ಫೋನ್ ಮಾಡಾಕ ಬರತಿದ್ದಿಲ್ಲೇನ ಚಿಗವ್ವಾ?"